ಗ್ರೈಂಡಿಂಗ್ ಮಷೀನಿನ ಮೇಲಿದ್ದ ಕೈ

ಮತ್ತೆ ಅಡ್ಡ ಬಂದಿರಾ? ಕತೆ ಬಾವಿಯ ಹತ್ತಿರ ಬರುವಷ್ಟರಲ್ಲಿ ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ದೀಪ ಹಾಕಬೇಕು, ಇತ್ತ ತೊಟ್ಟಿಲಲ್ಲಿ ಈ ಪುಣ್ಯಾತ್ಮ ಎದ್ದು ರಾಗ ತೆಗೆಯುತ್ತಾನೆ. ಹಗಲೆಲ್ಲ ಒಂದು ತುತ್ತು ನೆಮ್ಮದಿಯಾಗಿ ತಿನ್ನಲು ಬಿಡದವರು ರಾತ್ರಿ ಒಂದು ಕತೆಯನ್ನಾದರೂ ನೆಟ್ಟಗೆ ಹೇಳಲು ಬಿಡಬಾರದೇ? ದೀಪ ಬೇಡ. ಹಾಗೇ ಕೂತುಕೊಳ್ಳಿ. ಬಾಯಿಗೆ ಬೀಗ. ಮೊದಲಿಂದ ಹೇಳುತ್ತೇನೆ, ಆದರೆ ಇದೇ ಕೊನೆಯ ಸಲ.

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಆದರೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಲೆಕ್ಕಮ್ಮ ಎಂದೇ. ಆ ಹೆಸರು ಇಟ್ಟವನು ಅವಳ ಗಂಡ.

ಅವತ್ತು ರಾತ್ರಿ ಲೆಕ್ಕಮ್ಮ ವರ್ಕ್‌ಶಾಪಿನಿಂದ ಮನೆಗೆ ನಡೆದು ಬರುತ್ತಿದ್ದಳು. ದಾರಿಯೆಲ್ಲ ಇಳಿಜಾರು. ಇಳಿಜಾರಿನ ತಿರುವಿನಲ್ಲಿ ಒಂದು ಹಳೆಯ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಒಣಗಿದ ಎಲೆ. ಗಾಳಿ ಬಂದಾಗ ಎಲೆ ಜಾಲರಿಗೆ ಉಜ್ಜಿ ಚರ್… ಚರ್… ಅನ್ನುತ್ತಿತ್ತು. ಆ ಬಾವಿಯ ಕಟ್ಟೆಗೇ ಅವಳ ಗಂಡನ ಸೈಕಲ್ ಗುದ್ದಿದ್ದು. ಒಡೆದ ಕಡೆ ಬಳಿದ ಸಿಮೆಂಟು ಇನ್ನೂ ಹೊಸದಾಗಿಯೇ ಕಾಣುತ್ತಿತ್ತು. ಅಲ್ಲಿಗೆ ಬಂದಾಗಲೆಲ್ಲ ಅವಳು ರಸ್ತೆಯ ಆಚೆ ಬದಿಗೆ ದಾಟಿ, ಮುಖ ತಿರುಗಿಸಿಕೊಂಡು ಸರಸರ ನಡೆದುಬಿಡುತ್ತಿದ್ದಳು.

ಅವತ್ತೂ ದಾಟಿದಳು. ಆಗ ಕೇಳಿಸಿತು.

ಹಿಂದೆ, ಮೇಲೆ, ವರ್ಕ್‌ಶಾಪಿನಿಂದ… ಟರ್ರ್ರ್ರ್… ಒಣ ಹಲಗೆಯ ಮೇಲೆ ಬಾಚಣಿಗೆಯ ಹಲ್ಲು ಎಳೆದ ಹಾಗೆ. ಅದು ಅವಳಿಗೆ ಹೊಸ ಸದ್ದೇನಲ್ಲ. ಹಳೆಯ ಗ್ರೈಂಡಿಂಗ್ ಮಷೀನು ನಡುಗತೊಡಗಿದರೆ ಬರುವ ಸದ್ದು. ವರ್ಕ್‌ಶಾಪಿನವರು ಆ ನಡುಕಕ್ಕೆ ಚಾಟರ್ ಅನ್ನುತ್ತಾರೆ. ಅವಳು ನಿಲ್ಲಲಿಲ್ಲ. ಇನ್ನೇನು ತಿರುವು ದಾಟಬೇಕು… ಆ ಸದ್ದು ಇಳಿಯಿತು. ನಿಂತದ್ದಲ್ಲ, ಇಳಿದದ್ದು. ಅಳುವ ಮಗುವಿನ ಬೆನ್ನ ಮೇಲೆ ಕೈ ಇಟ್ಟರೆ ಅಳು ಬಿಕ್ಕಿ ಬಿಕ್ಕಿ ಇಳಿಯುತ್ತದಲ್ಲ, ಹಾಗೆ. ಟರ್ರ್ರ್… ಟರ್ರ್… ಟರ್… ಆಮೇಲೆ ಬರೀ ಸ್ಸ್ಸ್ಸ್ ಎಂಬ ನುಣ್ಣನೆಯ ಸದ್ದು.

ಲೆಕ್ಕಮ್ಮನ ಕಾಲುಗಳು ನೆಲಕ್ಕೆ ಅಂಟಿಕೊಂಡವು.

ಆ ಮಷೀನು ಹಾಗೆ ಇಳಿಯುತ್ತಿದ್ದದ್ದು ಒಂದೇ ಒಂದು ಕೈಗೆ. ಆ ಕೈಯವನು ಸತ್ತು ತಿಂಗಳುಗಳೇ ಆಗಿದ್ದವು.

ಇಲ್ಲಿ ಸ್ವಲ್ಪ ಮಷೀನಿನ ವಿಷಯ ಹೇಳಬೇಕು. ಆಕಳಿಸಬೇಡಿ, ಇದು ಗೊತ್ತಿಲ್ಲದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಆ ವರ್ಕ್‌ಶಾಪಿನಲ್ಲಿ ಕಾಗದದ ಕಾರ್ಖಾನೆಗೆ ಬೇಕಾದ ಉದ್ದುದ್ದ ಉಕ್ಕಿನ ರೋಲರುಗಳನ್ನು ನುಣುಪು ಮಾಡುತ್ತಾರೆ. ರೋಲರು ತಿರುಗುತ್ತಿರುತ್ತದೆ, ಸಾಣೆಕಲ್ಲಿನ ಚಕ್ರ ಅದನ್ನು ಸವರುತ್ತಿರುತ್ತದೆ. ಎಲ್ಲೋ ಒಂದು ಕಡೆ ಚಕ್ರ ಕೂದಲೆಳೆಯಷ್ಟು ಅದುರಿತು ಅನ್ನಿ. ರೋಲರಿನ ಮೇಲೆ ಕಣ್ಣಿಗೆ ಕಾಣದ ಒಂದು ಅಲೆ ಬಿತ್ತು. ರೋಲರು ಒಂದು ಸುತ್ತು ತಿರುಗಿದಾಗ ಅದೇ ಅಲೆ ಮತ್ತೆ ಚಕ್ರದ ಎದುರಿಗೆ ಬರುತ್ತದೆ. ಚಕ್ರ ಅದನ್ನು ಹತ್ತಿ ಇಳಿದು ಇನ್ನಷ್ಟು ಅದುರುತ್ತದೆ. ಅಲೆ ಇನ್ನಷ್ಟು ಆಳವಾಗುತ್ತದೆ. ಮುಂದಿನ ಸುತ್ತಿಗೆ ಇನ್ನೂ ಆಳ. ತಾನು ಬಿಟ್ಟ ಗುರುತನ್ನೇ ಮತ್ತೆ ಮತ್ತೆ ತುಳಿದು, ತುಳಿದದ್ದಕ್ಕೇ ಮತ್ತೆ ನಡುಗುವ ರೋಗ ಅದು. ಮಷೀನಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ.

ಲೆಕ್ಕಮ್ಮನ ಕೆಲಸ ಆ ಮಷೀನನ್ನು ಕಂಪ್ಯೂಟರಿನೊಳಗೆ ಇನ್ನೊಮ್ಮೆ ಕಟ್ಟುವುದು. ಅಲ್ಲಿ ಕಬ್ಬಿಣ ಇಲ್ಲ, ಎಣ್ಣೆ ಇಲ್ಲ. ಇಷ್ಟು ಭಾರ, ಇಷ್ಟು ಸ್ಪ್ರಿಂಗು, ನಡುಕವನ್ನು ನುಂಗಿಕೊಳ್ಳುವ ಗುಣ ಇಷ್ಟು. ಎಲ್ಲ ಅಂಕಿ. ಆ ಅಂಕಿಯ ಮಷೀನನ್ನು ಓಡಿಸಿ ನೋಡಿ, ನಿಜವಾದ ಮಷೀನು ಯಾವ ವೇಗದಲ್ಲಿ ನಡುಗುತ್ತದೆ, ಎಲ್ಲಿ ಏನು ಸೇರಿಸಿದರೆ ಸುಮ್ಮನಾಗುತ್ತದೆ ಅಂತ ಮೊದಲೇ ಹೇಳಬೇಕು. ಹತ್ತನೇ ಕ್ಲಾಸಿನವರಿಗೂ ತಿಳಿಯುವ ಹಾಗೆ ಅವಳೇ ಬಿಡಿಸಿ ಹೇಳಿದ್ದು ಇದು, ಆದ್ದರಿಂದ ಯಾರೂ ಕೊಂಕು ತೆಗೆಯುವುದು ಬೇಡ.

ಅವಳ ಗಂಡ ಅದೇ ಮಷೀನು ಓಡಿಸುವವನು. ಅವನನ್ನು ಎಲ್ಲರೂ ನಾಡಿ ಅನ್ನುತ್ತಿದ್ದರು. ವೈದ್ಯರು ನಾಡಿ ಹಿಡಿಯುವ ಹಾಗೆ ಅವನು ಮಷೀನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಇದಕ್ಕೆ ಹೊಟ್ಟೆ ಸರಿಯಿಲ್ಲ" ಅಂತ ಹೇಳಿಬಿಡುತ್ತಿದ್ದ. ರೋಲರಿನ ಒಂದು ತುದಿಯನ್ನು ಒತ್ತಿ ಹಿಡಿದಿರುವ ಕಬ್ಬಿಣದ ತಲೆಯೊಂದಿರುತ್ತದೆ, ಟೇಲ್‌ಸ್ಟಾಕು ಅಂತ. ಆ ಮಷೀನಿನ ಬಲಹೀನ ಜಾಗ ಅದೇ. ಚಾಟರ್ ಎದ್ದಾಗ ಅವನು ಆ ಟೇಲ್‌ಸ್ಟಾಕಿನ ಹಿಡಿಕೆಯ ಮೇಲೆ ಅಂಗೈ ಊರಿ ಮೈಭಾರ ಬಿಡುತ್ತಿದ್ದ. ನಡುಕ ಅವನ ಕೈಗೆ ಹರಿದು ಮೊಣಕೈಯಲ್ಲಿ ಸಾಯುತ್ತಿತ್ತು. ಮಷೀನು ಸುಮ್ಮನಾಗುತ್ತಿತ್ತು. ಇಡೀ ಪಾಳಿ ಹಾಗೇ ನಿಂತಿರುತ್ತಿದ್ದ.

"ಏನು ಲೆಕ್ಕಮ್ಮ, ನಿನ್ನ ಕಂಪ್ಯೂಟರ್ ಮಷೀನಿಗೆ ಜ್ವರ ಬಂದ್ರೆ ಕೈ ಇಟ್ಟು ನೋಡೋರು ಯಾರು?"

"ಅದಕ್ಕೆ ಜ್ವರ ಬರಲ್ಲ. ನಿಮ್ಮ ಹಾಗೆ ಮೈ ಕೆಡಿಸ್ಕೊಳ್ಳೋ ಚಟ ಅದಕ್ಕಿಲ್ಲ."

"ಹಾಗಾದ್ರೆ ಅದನ್ನೇ ಕಟ್ಕೋಬೇಕಿತ್ತು."

"ಕೇಳಿದ್ದೆ. ಅದು ಒಪ್ಪಲಿಲ್ಲ."

ಹೀಗೆ ಇಬ್ಬರೂ ಕಾಲೆಳೆದುಕೊಂಡೇ ಇರುತ್ತಿದ್ದರು. ಒಮ್ಮೆ ಅವಳು ಟೇಲ್‌ಸ್ಟಾಕಿಗೆ ಬಟನ್ನಿನಷ್ಟು ದೊಡ್ಡ ಸೆನ್ಸರ್ ಅಂಟಿಸಿ, ಅವನು ಕೈ ಇಟ್ಟಾಗ ನಡುಕ ಎಷ್ಟು, ತೆಗೆದಾಗ ಎಷ್ಟು ಅಂತ ಗೆರೆ ಬರೆಸಿಕೊಂಡಳು. ಅವನು ನಕ್ಕು, "ಬೇರೆ ಹೆಂಗಸರು ಗಂಡನ ಫೋಟೋ ಇಟ್ಕೊಳ್ತಾರೆ, ನೀನು ಕೈಯ ಭಾರ ಇಟ್ಕೊಂಡಿದ್ದೀಯ" ಅಂದ. ಅವತ್ತೇ ಅವಳ ತಲೆಗೆ ಒಂದು ಯೋಚನೆ ಬಂತು. ಈ ಕೈ ಮಾಡುವ ಕೆಲಸವನ್ನು ಒಂದು ಉಕ್ಕಿನ ದಿಮ್ಮಿ ಯಾಕೆ ಮಾಡಬಾರದು? ಅಡಿಯಲ್ಲಿ ರಬ್ಬರಿನ ಮೆತ್ತೆ ಕೊಟ್ಟು ಆ ಹಿಡಿಕೆಗೆ ಬಿಗಿದರೆ ನಡುಕವನ್ನು ಅದೇ ನುಂಗಿಕೊಳ್ಳುತ್ತದೆ. ಭಾರ ಎಷ್ಟಿರಬೇಕು, ರಬ್ಬರು ಎಷ್ಟು ಮೆತ್ತಗಿರಬೇಕು, ಅದನ್ನು ಲೆಕ್ಕ ಹಾಕಿ ತೆಗೆಯಬೇಕು. ಅಷ್ಟೇ.

ಅಷ್ಟೇ… ಆದರೆ ಕೂರಲು ಬಿಡಬೇಕಲ್ಲ. ಲೆಕ್ಕ ಹಿಡಿದು ಕೂತರೆ ಮಗಳು ಪುಟ್ಟಿ ಸ್ಲೇಟು ಹುಡುಕಿಕೊಡು ಅಂತ ಬರುತ್ತಿದ್ದಳು. ಅತ್ತೆಗೆ ಕಾಲು ನೋವು. ಬಾಗಿಲು ತಟ್ಟುವವರು. ವರ್ಕ್‌ಶಾಪಿನಲ್ಲಿ ಕೂತರೆ ಯಜಮಾನರು. "ನಾಡಿ ಕೈ ಇದೆಯಲ್ಲಮ್ಮ, ದಿಮ್ಮಿ ಯಾಕೆ? ಅದು ಆಮೇಲೆ. ಈ ಅರ್ಜೆಂಟ್ ನೋಡು." ಹೀಗೆ ಆ ಲೆಕ್ಕ ಅರ್ಧಕ್ಕೇ ನಿಂತಿತು. ಎಷ್ಟು ಸಲ ತೆಗೆದಳೋ ಅಷ್ಟು ಸಲ ಮುಚ್ಚಿದಳು.

ಅಷ್ಟರಲ್ಲಿ ನಾಡಿಯ ಬೆರಳ ತುದಿ ಬೆಳ್ಳಗಾಗತೊಡಗಿತ್ತು. ಮದುವೆಗೂ ಮುಂಚೆ ವರ್ಷಗಟ್ಟಲೆ ಕೈಯಲ್ಲಿ ಹಿಡಿಯುವ ಗ್ರೈಂಡರಿನಿಂದ ಬೆಸುಗೆ ಉಜ್ಜಿದವನು ಅವನು. ಮೇಲೆ ಈ ಹಿಡಿಕೆಯ ನಡುಕ ಬೇರೆ. ನಡುಕ ಹೀರಿ ಹೀರಿ ಬೆರಳಿಗೆ ರಕ್ತ ಹೋಗುವುದೇ ಮರೆತುಹೋಗಿತ್ತು. ಚಳಿಯಿದ್ದ ರಾತ್ರಿ ನೋವು ಬಂದರೆ ಹಲ್ಲು ಕಚ್ಚಿ ಸ್ಸ್… ಹಾ… ಅಂತ ಉಸಿರು ಎಳೆಯುತ್ತಿದ್ದ. ಅವಳು ಆ ಕೈಯನ್ನು ತನ್ನ ಎರಡು ಕೈಯ ನಡುವೆ ಇಟ್ಟುಕೊಂಡು ಬಿಸಿ ಬರುವ ತನಕ ಉಜ್ಜುತ್ತಿದ್ದಳು.

"ನೋಯ್ತಿದೆಯಾ?"

ಇಲ್ಲ ಅಂತ ಹೇಳುವ ಬದಲು ಅವನು ಅವಳ ಕೈಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದ. ಅದೇ ಅವನ ಉತ್ತರ.

ಆಮೇಲೆ ಒಂದು ಸಂಜೆ, ಚಳಿಯಲ್ಲಿ, ಪಾಳಿ ಮುಗಿಸಿ ಸೈಕಲ್ ಹತ್ತಿ ಆ ಇಳಿಜಾರು ಇಳಿದ. ಆಸ್ಪತ್ರೆಯಲ್ಲಿ ಅವನು ಆಡಿದ್ದು ಒಂದೇ ಮಾತು.

"ಬ್ರೇಕ್ ಹಿಡಿದಿದ್ದೆ ಕಣೇ… ಹಿಡಿದಿದ್ದೀನಿ ಅಂತಲೇ ಅಂದ್ಕೊಂಡಿದ್ದೆ."

ಬೆರಳು ಹಿಡಿದಿರಲಿಲ್ಲ. ಅರಿವಿದ್ದರೆ ತಾನೇ ಹಿಡಿಯುವುದು?

ಈಗ ಬಾವಿಯ ಹತ್ತಿರ ಬನ್ನಿ. ಕಾಲು ಅಂಟಿಕೊಂಡು ನಿಂತಿದ್ದಾಳೆ ಲೆಕ್ಕಮ್ಮ. ಮೇಲೆ ಮಷೀನು ಸ್ಸ್ಸ್ಸ್… ಅನ್ನುತ್ತಿದೆ. ಗಂಡನ ಜಾಗಕ್ಕೆ ಬಂದಿದ್ದ ಕೆಲಸಗಾರ ರಾತ್ರಿ ಪಾಳಿಯಲ್ಲಿದ್ದ. ಎಲ್ಲರೂ ಅವನನ್ನು ಹೊಸಬ ಅನ್ನುತ್ತಿದ್ದರು. ಅವನಿಗೆ ಆ ಹಿಡಿಕೆಯ ಗುಟ್ಟು ಗೊತ್ತಿರಲಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಲೆಕ್ಕಮ್ಮನಂತೂ ಬೇಕೆಂದೇ ಹೇಳಿರಲಿಲ್ಲ, ಇನ್ನೊಬ್ಬರ ಮನೆಯ ಕೈಯೂ ಹಾಗಾಗುವುದು ಬೇಡ ಅಂತ.

ಅವಳು ಹಿಂದಕ್ಕೆ ತಿರುಗಿ ಇಳಿಜಾರು ಹತ್ತಿದಳು.

ಗೇಟಿನ ತಾತ ತಲೆಗೆ ಶಾಲು ಸುತ್ತಿಕೊಂಡು ತೂಕಡಿಸುತ್ತಿದ್ದ. ಒಳಗೆ ಹೋದರೆ ಹೊಸಬ ಮಷೀನಿನ ಹತ್ತಿರ ಇಲ್ಲ. ದೂರದಲ್ಲಿ ಬಾಗಿಲ ಪಕ್ಕ, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಆನಿಕೊಂಡಿದ್ದಾನೆ. ಲೋಟ ಹಲ್ಲಿಗೆ ತಾಗಿ ಕಟಕಟ ಅನ್ನುತ್ತಿದೆ.

"ಅಕ್ಕಾ…" ಪಿಸುಗುಟ್ಟಿದ. "ನಾನು ಮುಟ್ಟಿಲ್ಲ."

"ಮತ್ತೆ?"

"ಅದು ತಾನಾಗೇ ಸುಮ್ಮನಾಗುತ್ತೆ. ಮೊನ್ನೆಯಿಂದ ಹೀಗೇ."

"ಯಾರಿಗಾದ್ರೂ ಹೇಳಿದ್ಯಾ?"

"ಹೇಳಿದ್ರೆ ಕುಡಿದಿದ್ದೀಯಾ ಅಂತಾರೆ. ಕುಡಿದಿದ್ರೆ ಇಷ್ಟು ಹೆದರ್ತಿದ್ನಾ ಅಕ್ಕಾ?"

ಲೆಕ್ಕಮ್ಮ ಮಷೀನಿನ ಹತ್ತಿರ ಹೋದಳು. ಹಿಡಿಕೆಯ ಹತ್ತಿರ ಯಾರೂ ಇಲ್ಲ. ಬಲ್ಬಿನ ಬೆಳಕು ಬಿದ್ದಿದೆ, ರೋಲರು ತಿರುಗುತ್ತಿದೆ, ನೀರು ಬೆರೆಸಿದ ಎಣ್ಣೆ ಅದರ ಮೇಲೆ ಹರಿದು ತೊಟ್ಟಿಗೆ ಬೀಳುತ್ತಿದೆ… ತೊಳ್… ತೊಳ್… ಎಲ್ಲ ಇದ್ದ ಹಾಗೇ ಇದೆ. ಹಿಡಿಕೆ ಮಾತ್ರ ಸ್ವಲ್ಪ ಕೆಳಗೆ ಇಳಿದಿದೆ. ಯಾರೋ ಅದರ ಮೇಲೆ ಭಾರ ಬಿಟ್ಟ ಹಾಗೆ.

ಅವಳು ಕಿರುಚಲಿಲ್ಲ. ಸೆನ್ಸರ್ ತಂದು ಅಂಟಿಸಿದಳು. ಹಾಗೇ ಅವಳು. ಬೇರೆಯವರು ದೇವರನ್ನು ನೆನೆಯುವ ಹೊತ್ತಿನಲ್ಲಿ ಅವಳು ವೈರು ಜೋಡಿಸುತ್ತಾಳೆ.

ಪರದೆಯ ಮೇಲೆ ಗೆರೆ ಬಂತು. ಕಂಪ್ಯೂಟರಿನೊಳಗಿನ ಅಂಕಿಯ ಮಷೀನನ್ನೂ ಅದೇ ವೇಗದಲ್ಲಿ ಓಡಿಸಿದಳು. ಅದು ನಡುಗಿತು. ನಡುಗಲೇಬೇಕು. ಎದುರಿನ ಕಬ್ಬಿಣದ ಮಷೀನು ಮಾತ್ರ ನಡುಗುತ್ತಿಲ್ಲ. ಭಾರ ಬದಲಿಸಿದಳು, ಸ್ಪ್ರಿಂಗು ಬಿಗಿ ಮಾಡಿದಳು, ನಡುಕ ನುಂಗುವ ಗುಣ ಹೆಚ್ಚಿಸಿದಳು. ಎರಡು ಗೆರೆ ಒಂದಕ್ಕೊಂದು ಕೂರಲೇ ಇಲ್ಲ. ಕೊನೆಗೆ… ಬೇಡ ಬೇಡ ಅಂದುಕೊಳ್ಳುತ್ತಲೇ… ಹಿಂದೆ ತಮಾಷೆಗೆ ಬರೆಸಿಕೊಂಡಿದ್ದ ಆ ಕೈಯ ಅಂಕಿಯನ್ನು ಟೇಲ್‌ಸ್ಟಾಕಿನ ಜಾಗದಲ್ಲಿ ಸೇರಿಸಿದಳು.

ಗೆರೆಯ ಮೇಲೆ ಗೆರೆ ಕೂತಿತು. ಎರಡಿದ್ದದ್ದು ಒಂದಾಯಿತು.

ಲೆಕ್ಕಮ್ಮ ತುಂಬ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ರೀ… ನೀವೇನಾ?"

ಸ್ಸ್ಸ್ಸ್…

ಅವತ್ತಿನಿಂದ ಪ್ರತಿ ರಾತ್ರಿ ಹೋದಳು. ಹಗಲು ಪಕ್ಕದಲ್ಲಿ ತಗಡು ಒತ್ತುವ ಪ್ರೆಸ್ಸುಗಳ ಗುದ್ದಿಗೆ ನೆಲವೇ ಕುಣಿಯುವುದರಿಂದ ಅಳತೆ ಮಾಡುವುದು ಮೊದಲಿಂದಲೂ ರಾತ್ರಿಯೇ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಹೊಸಬ ರೋಲರು ಏರಿಸಿ, ಮಷೀನು ಶುರು ಮಾಡಿ, "ಅಕ್ಕಾ, ನಾನು ಬಾಗಿಲ ಹತ್ರ ಇರ್ತೀನಿ" ಅಂತ ಓಟ. ಅವಳು ಹಿಡಿಕೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಸಂಸಾರದ ಮಾತು ಹೇಳುತ್ತಿದ್ದಳು. ಪುಟ್ಟಿಗೆ ಮುಂದಿನ ಹಲ್ಲು ಬಿತ್ತು, ಈಗ ಸೀಟಿ ಊದಿದ ಹಾಗೆ ಮಾತಾಡುತ್ತಾಳೆ. ಅತ್ತೆ ಸಕ್ಕರೆ ಡಬ್ಬ ಬಚ್ಚಿಟ್ಟು ಎಲ್ಲಿಟ್ಟೆ ಅಂತ ತಾವೇ ಮರೆತು ನನ್ನ ಮೇಲೆ ರೇಗುತ್ತಾರೆ. ನಲ್ಲಿಯ ವಾಷರು ನೀವಿದ್ದಾಗಲೇ ಹಾಕಿಸಬೇಕಿತ್ತು. ಅವನು ಬದುಕಿದ್ದಾಗಲೂ ಮಷೀನಿನ ಮುಂದೆ ನಿಂತರೆ ಮಾತಾಡುತ್ತಿರಲಿಲ್ಲವಾದ್ದರಿಂದ ಅವಳಿಗೆ ಏನೂ ಕಡಿಮೆಯಾದ ಹಾಗೆ ಅನ್ನಿಸಲಿಲ್ಲ.

ಮುಖಕ್ಕೆ ಕಳೆ ಬಂತು. ನೆಂಟರ ಕಣ್ಣಿಗೆ ಬಿತ್ತು. "ಗಂಡ ಹೋದವಳಿಗೆ ಇಷ್ಟು ಬೇಗ ಇಷ್ಟೊಂದು ಕಳೆಯಾ?" ಅಂದವರೂ ಇದ್ದಾರೆ. ಅವಳು ತಿಂಗಳುಗಟ್ಟಲೆ ಅನ್ನ ಬಿಟ್ಟು ಕೂತಿದ್ದಾಗ ಒಂದು ಹೊತ್ತು ಬಂದು ಬಡಿಸದವರೇ ಅವರೆಲ್ಲ.

ವರ್ಕ್‌ಶಾಪಿನ ಯಜಮಾನರಿಗೂ ಸಂತೋಷ. "ರಾತ್ರಿ ಪಾಳಿಯ ರೋಲರುಗಳು ಕನ್ನಡಿ ಹಾಗಿವೆ ಕಣಮ್ಮ. ಚಾಟರ್ ಗುರುತೇ ಇಲ್ಲ. ಏನು ಮಾಡಿದ್ರಿ?"

"ಏನೂ ಮಾಡಿಲ್ಲ ಸರ್."

"ಹಾಗಾದ್ರೆ ಅದನ್ನೇ ಮುಂದುವರಿಸಿ."

ನೋಡಿ, ಬದುಕಿದ್ದಾಗ ದುಡಿಸಿಕೊಂಡದ್ದು ಸಾಲದೆ ಸತ್ತವನ ಕೈಯಲ್ಲೂ ದುಡಿಸಿಕೊಂಡ ಮಹಾನುಭಾವ! ಪಾಪ, ಅವನಿಗೆ ಗೊತ್ತಿರಲಿಲ್ಲ ಅನ್ನಿ. ಗೊತ್ತಿದ್ದರೂ ಎರಡು ಪಾಳಿ ಹಾಕಿಸುತ್ತಿದ್ದ.

ಲೆಕ್ಕಮ್ಮನೂ ಆ ಅರ್ಧ ಲೆಕ್ಕವನ್ನು ತೆಗೆಯಲಿಲ್ಲ. ತೆಗೆದರೆ ದಿಮ್ಮಿಯಾಗುತ್ತದೆ. ದಿಮ್ಮಿಯಾದರೆ ಕೈ ಬೇಕಾಗುವುದಿಲ್ಲ. ಕೈ ಬೇಡವಾದರೆ… ಅವಳು ಅದರಾಚೆ ಯೋಚಿಸಲಿಲ್ಲ.

ಮತ್ತೆ ಚಳಿಗಾಲ ಬಂತು. ಒಂದು ರಾತ್ರಿ ಅವಳು ಮಾತಿನ ನಡುವೆ ತಡೆದಳು. ಸದ್ದು ಬೇರೆಯಾಗಿತ್ತು. ಸ್ಸ್ಸ್ಸ್ ಅನ್ನುತ್ತಿದ್ದದ್ದು ಟರ್ರ್ ಅಂತ ಎದ್ದು, ಮತ್ತೆ ಇಳಿದು, ಮತ್ತೆ ಎದ್ದಿತು. ಪರದೆ ನೋಡಿದಳು. ಕೈಯ ಭಾರ ಒಂದೇ ಸಮ ಇರಲಿಲ್ಲ. ಬೀಳುತ್ತಿತ್ತು. ಏಳುತ್ತಿತ್ತು. ಒತ್ತಿ, ಬಿಟ್ಟು, ಮತ್ತೆ ಅವಸರದಲ್ಲಿ ಒತ್ತಿದ ಹಾಗೆ. ವೈರು ಸಡಿಲವಾಗಿರಬೇಕು ಅಂದುಕೊಂಡಳು. ವೈರು ಸಡಿಲವಾಗಿರಲಿ ಅಂತ ಬೇಡಿಕೊಂಡಳು. ಬಗ್ಗಿ ಬಿಗಿ ಮಾಡಲು ಹೋದಳು. ವೈರು ಬಿಗಿಯಾಗಿಯೇ ಇತ್ತು.

ಬಗ್ಗಿದಾಗ ಕಿವಿಯ ಪಕ್ಕದಲ್ಲೇ ಕೇಳಿಸಿತು.

ಸ್ಸ್… ಹಾ…

ಅದು ಮಷೀನಿನ ಸದ್ದಲ್ಲ. ಹಲ್ಲು ಕಚ್ಚಿ ಉಸಿರು ಎಳೆದ ಸದ್ದು.

"ರೀ," ಅಂದಳು. "ನೋಯ್ತಿದೆಯಾ?"

ಹಿಡಿಕೆ ಇನ್ನಷ್ಟು ಕೆಳಗೆ ಇಳಿಯಿತು. ಇನ್ನಷ್ಟು ಒತ್ತಿದ ಹಾಗೆ.

ಲೆಕ್ಕಮ್ಮ ಆ ಎಣ್ಣೆನೆಲದ ಮೇಲೆ ಕುಸಿದು ಕೂತಳು. ಇಷ್ಟು ದಿನ ತನ್ನ ಜೊತೆಗೆ ಬರುತ್ತಿದ್ದಾನೆ ಅಂದುಕೊಂಡಿದ್ದಳು. ಅವನು ಬರುತ್ತಿದ್ದದ್ದು ಕೆಲಸಕ್ಕೆ. ಸತ್ತ ಮೇಲೂ ಅವನ ಪಾಳಿ ಮುಗಿದಿರಲಿಲ್ಲ. ಅದೇ ಕಬ್ಬಿಣ, ಅದೇ ನಡುಕ, ಅದೇ ನೋಯುವ ಬೆರಳು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೆಂಡತಿ ಸಕ್ಕರೆ ಡಬ್ಬದ ಕತೆ ಹೇಳುತ್ತಿದ್ದಾಳೆ!

ಮಾರನೆಯ ದಿನ ಅವಳು ಮಗಳನ್ನು ಅತ್ತೆಗೆ ಒಪ್ಪಿಸಿ, ಕೋಣೆಯ ಬಾಗಿಲು ಹಾಕಿ ಆ ಅರ್ಧ ಲೆಕ್ಕವನ್ನು ತೆಗೆದಳು. ಯಾರೂ ಕರೆಯಲಿಲ್ಲ. ಯಾರೂ ಬಾಗಿಲು ತಟ್ಟಲಿಲ್ಲ. ಗಂಡ ಸತ್ತವಳ ಕೋಣೆಯಲ್ಲವೇ, ಎಲ್ಲರೂ ಹೆಜ್ಜೆ ಸದ್ದು ಮಾಡದೆ ಓಡಾಡಿದರು. ಲೆಕ್ಕ ಒಂದೇ ಪಟ್ಟಿಗೆ ಮುಗಿಯಿತು. ಕಾಫಿ ಲೋಟ ತಣ್ಣಗಾಗುವಷ್ಟರಲ್ಲಿ.

ನನಗೆ ಇದನ್ನೆಲ್ಲ ಹೇಳುವಾಗ ಅವಳು ಅತ್ತದ್ದು ದೆವ್ವದ ಮಾತಿಗಲ್ಲ. ಇಲ್ಲಿ. "ಇಷ್ಟೇ ಹೊತ್ತು ಬೇಕಿತ್ತು ಕಣೇ. ಇಷ್ಟೇ. ಅವರು ಇದ್ದಾಗ ಇಷ್ಟು ಹೊತ್ತು ನನ್ನನ್ನು ಯಾರೂ ಬಿಡಲಿಲ್ಲ."

ದಿಮ್ಮಿಯನ್ನು ಹೊಸಬನೇ ಕತ್ತರಿಸಿ ಕೊಟ್ಟ. ಅಡಿಗೆ ರಬ್ಬರು ಕೂರಿಸಿದ. ಎತ್ತಿ ಭಾರ ನೋಡಿ ಕೇಳಿದ.

"ಇದು ಏನಕ್ಕಾ?"

"ಕೈ."

ಅವನು ದಿಮ್ಮಿಯನ್ನು 'ಅಯ್ಯಪ್ಪಾ' ಅಂತ ಮೇಜಿನ ಮೇಲೆ ಇಟ್ಟು, ಎರಡೂ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತ.

ರಾತ್ರಿ ಮಷೀನು ಶುರುವಾಯಿತು. ಟರ್ರ್ರ್ರ್… ಹಿಡಿಕೆ ಇಳಿಯಿತು. ಸ್ಸ್ಸ್ಸ್… ನಡುವೆ ಸ್ಸ್… ಹಾ… ಲೆಕ್ಕಮ್ಮ ದಿಮ್ಮಿಯನ್ನು ಹಿಡಿಕೆಯ ಬುಡಕ್ಕೆ ಕೂರಿಸಿ ಬೋಲ್ಟು ತಿರುಗಿಸಿದಳು. ಸ್ಪ್ಯಾನರು ಕಿರ್… ಕಿರ್… ಅನ್ನುತ್ತಿತ್ತು. ಬಿಗಿಯಾಯಿತು. ಪರದೆಯ ಮೇಲೆ ಗೆರೆ ಸಪಾಟಾಗಿ ಮಲಗಿತು. ಅಲುಗಾಟವೇ ಇಲ್ಲ.

ಅಲ್ಲೇ ಇದ್ದದ್ದು ತೊಂದರೆ. ಅವಳ ಲೆಕ್ಕದ ಪ್ರಕಾರ ದಿಮ್ಮಿಯೊಂದೇ ಇದ್ದರೆ ಒಂದು ಸಣ್ಣ ಗುನುಗು ಉಳಿಯಬೇಕು. ರೋಲರಿಗೆ ಏನೂ ಮಾಡದ, ಕಿವಿಗೆ ಮಾತ್ರ ಕೇಳುವ ಗುನುಗು. ಗುನುಗು ಇಲ್ಲ ಅಂದರೆ ದಿಮ್ಮಿಯೂ ಇದೆ, ಕೈಯೂ ಇದೆ.

ಅವನು ಬಿಟ್ಟಿರಲಿಲ್ಲ.

"ರೀ… ಸಾಕು. ಕೈ ತೆಗೀರಿ."

ಗೆರೆ ಸಪಾಟಾಗಿಯೇ ಇತ್ತು.

"ದಿಮ್ಮಿ ಹಾಕಿದ್ದೀನಿ. ಅದೇ ಹಿಡ್ಕೊಳ್ಳುತ್ತೆ."

ಸಪಾಟು.

"ನನ್ನ ಲೆಕ್ಕದ ಮೇಲೆ ನಿಮಗೆ ಯಾವತ್ತು ನಂಬಿಕೆ ಇತ್ತು ಹೇಳಿ!" ಅಳುತ್ತಲೇ ರೇಗಿದಳು. "ಕಂಪ್ಯೂಟರಿಗೆ ಕೈ ಇಲ್ಲ, ಕಣ್ಣಿಲ್ಲ ಅಂತ ನಗೋದೇ ಆಯ್ತು. ಒಂದು ಸಲ… ಒಂದೇ ಒಂದು ಸಲ ನಂಬ್ರೀ. ತಪ್ಪಾದ್ರೆ ಮತ್ತೆ ಇಡಿ. ನಾನು ಇಲ್ಲೇ ಇರ್ತೀನಿ."

ಅವಳು ತನ್ನ ಕೈಯನ್ನು ಹಿಡಿಕೆಯ ಮೇಲೆ ಇಟ್ಟಳು. ಕಬ್ಬಿಣದ ಮೇಲೆ ಇಟ್ಟದ್ದೇ, ಆದರೆ ಕೈ ಕಬ್ಬಿಣಕ್ಕೆ ತಾಗಲಿಲ್ಲ. ಅದಕ್ಕೂ ಮುಂಚೆಯೇ ನಿಂತಿತು. ತಣ್ಣಗಿತ್ತು. ಬೆರಳ ತುದಿಗಳು ಇನ್ನೂ ತಣ್ಣಗಿದ್ದವು. ಅವಳು ಇನ್ನೊಂದು ಕೈಯನ್ನೂ ಮೇಲಿಟ್ಟು ಉಜ್ಜಿದಳು. ಉಜ್ಜಿದಳು… ಬಿಸಿ ಬರುವ ತನಕ.

ಹಿಡಿಕೆ ಮೆಲ್ಲಗೆ ಮೇಲೆ ಬಂತು.

ಅವಳ ಎರಡೂ ಅಂಗೈ ಬರಿಯ ಕಬ್ಬಿಣಕ್ಕೆ ತಾಗಿದವು.

ಆಗ ಬಂತು ಗುನುಗು. ಮ್ಮ್ಮ್… ಅಂತ, ಸಣ್ಣಗೆ, ಮುಚ್ಚಿದ ಬಾಯಲ್ಲಿ ಯಾರೋ ಹಾಡಿದ ಹಾಗೆ. ಲೆಕ್ಕ ಎಷ್ಟು ಹೇಳಿತ್ತೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಾಯಿತು ಅಂತ ಎದೆ ಬಡಿದುಕೊಂಡು ಅತ್ತವಳು ಪ್ರಪಂಚದಲ್ಲಿ ಅವಳೊಬ್ಬಳೇ ಇರಬೇಕು.

ಅಳು ನಿಲ್ಲುವ ಮೊದಲೇ ವರ್ಕ್‌ಶಾಪಿನ ಹಿಂದುಗಡೆಯಿಂದ ಇನ್ನೊಂದು ಸದ್ದು. ಅಲ್ಲಿ ಕೆಲಸಗಾರರು ಕೈ ತೊಳೆಯುವ ಕಟ್ಟೆ ಇದೆ. ನಲ್ಲಿ ತಿರುಗಿದ ಸದ್ದು… ಕೀಂಚ್. ನೀರು… ಸೊರ್ರ್. ಸೋಪು ಡಬ್ಬಿಗೆ ಬಿದ್ದ ಸದ್ದು… ಟಪ್. ಮತ್ತೆ ನೀರು. ನಲ್ಲಿ ಮುಚ್ಚಿತು… ಕೀಂಚ್. ಕೈ ಕೊಡವಿದ ಹಾಗೆ ಹನಿಗಳು ತಗಡಿಗೆ ಚಿಮ್ಮಿದವು… ಪಟ ಪಟ.

ಅವಳು ಓಡಿದಳು. ಹೊಸಬನೂ ಹಿಂದೆಯೇ ಓಡಿದ. ಯಾರೂ ಇಲ್ಲ. ಸೋಪಿನ ಮೇಲೆ ಹಸಿ ನೊರೆ. ಉಕ್ಕಿನ ಪುಡಿ ಬೆರೆತ ಬೂದು ಬಣ್ಣದ ನೊರೆ. ಅದು ಇನ್ನೂ ಒಡೆಯುತ್ತಿತ್ತು… ಚಿಟ್… ಚಿಟ್… ಹೊಸಬ ತನ್ನ ಕೈ ತೋರಿಸಿದ, ಒಣಗಿತ್ತು. ಗೇಟಿನ ತಾತ ಎದ್ದು ಬಂದು ಬೈದ, "ಯಾರಪ್ಪಾ ಅದು, ಪಾಳಿ ಮುಗಿಯೋ ಮುಂಚೆ ಕೈ ತೊಳೆದು ಹೊರಟದ್ದು? ಗೇಟ್ ತೆಗೀರಿ ಅಂತ ಒಂದು ಮಾತು ಹೇಳೋದು ಬೇಡ್ವಾ?" ಗೇಟಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

ಇಲ್ಲ, ಇದರಲ್ಲಿ ಒಂದಕ್ಷರ ಸೇರಿಸಿದ್ದಿಲ್ಲ. ಆ ನೊರೆಯನ್ನು ಮೂವರೂ ನೋಡಿದ್ದಾರೆ. ಹೊಸಬ ಈಗಲೂ ಅದೇ ಮಷೀನಿನಲ್ಲಿ ಇದ್ದಾನೆ, ಹೋಗಿ ಕೇಳಿ. ಆ ದಿಮ್ಮಿಯೂ ಅಲ್ಲೇ ಇದೆ. ಆಮೇಲೆ ಒಂದು ರಾತ್ರಿಯೂ ಹಿಡಿಕೆ ತಾನಾಗಿ ಇಳಿಯಲಿಲ್ಲ. ನಂಬದವರು ನಂಬಬೇಡಿ, ಆದದ್ದು ಆಗಿಯೇ ಆಗಿದೆ.

ಲೆಕ್ಕಮ್ಮ ಮನೆಗೆ ಬಂದಾಗ ಇನ್ನೂ ಬೆಳಕಾಗಿರಲಿಲ್ಲ. ಸದ್ದು ಮಾಡದೆ ಹೊದಿಕೆಯೊಳಗೆ ತೂರಿದಳು. ಪುಟ್ಟಿ ಅರೆನಿದ್ದೆಯಲ್ಲಿ ಹೊರಳಿ ಅಮ್ಮನ ಅಂಗೈಯನ್ನು ಮೂಗಿಗೆ ಒತ್ತಿಕೊಂಡಳು.

"ಅಪ್ಪನ ವಾಸನೆ…"

"ಹೂಂ."

"ಅಪ್ಪ ಸಿಕ್ಕಿದ್ರಾ?"

ಸುಳ್ಳು ಹೇಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಸಿಕ್ಕಿದ್ರು. ಅವರ ಕೆಲಸ ಮುಗೀತು ಪುಟ್ಟಿ. ಕೈ ತೊಳ್ಕೊಂಡು ಹೊರಟ್ರು."

ಮಗು ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆ ನೋಡಿತು. ಆಮೇಲೆ ಆ ಬಿದ್ದ ಹಲ್ಲಿನ ಸಂದಿಯಲ್ಲಿ ಸೀಟಿ ಊದಿದ ಹಾಗೆ, ಪಿಸುಮಾತಿನಲ್ಲಿ ಕೇಳಿತು.

"ಕೆಲಸ ಮುಗಿದ್ಮೇಲೆ ಮನೆಗೆ ಯಾಕಮ್ಮಾ ಬರ್ಲಿಲ್ಲ?"